ಮಾರಿದ ಲಾರಿಯಿಂದ ಅಪಘಾತವಾದರೆ ಪರಿಹಾರ ಯಾರ ತಲೆ ಮೇಲೆ?

ಪ್ರಶ್ನೆ: ನನ್ನ ಹೆಸರಲ್ಲಿ ಒಂದು ಹತ್ತು ಚಕ್ರದ ಲಾರಿ ಇತ್ತು. ಹೋದ ವರ್ಷ ಪಕ್ಕದ ತಾಲ್ಲೂಕಿನ ಪರಿಚಯದವರಿಗೆ ಮಾರಿದೆ. ಫೈನಾನ್ಸ್ ಸಾಲ ಇನ್ನೂ ಬಾಕಿ ಇತ್ತು. ಉಳಿದ ಕಂತು ಅವರೇ ಕಟ್ಟಿಕೊಂಡು ಹೋಗುವುದು, ಸಾಲ ತೀರಿದ ಮೇಲೆ ಆರ್‌ಸಿ ಬದಲಿಸಿಕೊಳ್ಳುವುದು ಅಂತ ಛಾಪಾ ಕಾಗದದ ಮೇಲೆ ಕರಾರು ಮಾಡಿಕೊಂಡೆವು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಅವರ ಕೈಗೇ ಕೊಟ್ಟೆ. ಕೆಲವು ತಿಂಗಳ ಹಿಂದೆ ರಾತ್ರಿ ಲಾರಿ ಪಂಕ್ಚರ್ ಆಗಿ ಹೆದ್ದಾರಿಯಲ್ಲಿ ನಿಂತಿತ್ತು. ಹಿಂದಿನಿಂದ ಬಂದ ಬೈಕ್ ಗುದ್ದಿ 32 ವರ್ಷದ ಸವಾರ ತೀರಿಕೊಂಡ. ಟೈರ್ ಬಿಚ್ಚುತ್ತಿದ್ದ ಕ್ಲೀನರ್‌ನ ಕಾಲು ಮುರಿದಿದೆ. ಇನ್ಶೂರೆನ್ಸ್ ಚಾಲ್ತಿಯಲ್ಲಿದೆ, ನನ್ನ ಹೆಸರಲ್ಲೇ ಇದೆ. ಆದರೆ ಡ್ರೈವರ್ ಹತ್ತಿರ ಕಾರು ಓಡಿಸುವ ಲೈಸೆನ್ಸ್ ಮಾತ್ರ ಇದೆಯಂತೆ. ಈಗ ಪೊಲೀಸರಿಂದ ಒಂದು ನೋಟಿಸ್, ಮೋಟಾರು ಅಪಘಾತ ನ್ಯಾಯಮಂಡಳಿಯಿಂದ 50 ಲಕ್ಷದ ಇನ್ನೊಂದು ನೋಟಿಸ್ ಬಂದಿದೆ. ಬ್ರೋಕರ್ ಒಬ್ಬರು "ಹಿಂದಿನಿಂದ ಗುದ್ದಿದವನದ್ದೇ ತಪ್ಪು, ಉಳಿದಿದ್ದು ಇನ್ಶೂರೆನ್ಸ್ ನೋಡ್ಕೊಳ್ಳುತ್ತೆ" ಅಂತಾರೆ. ಇನ್ನೊಬ್ಬರು ಹತ್ತು ವರ್ಷ ಜೈಲು ಅಂತ ಹೆದರಿಸುತ್ತಾರೆ. ನಾನು ಜೈಲಿಗೆ ಹೋಗಬೇಕಾ? ಮನೆ ಜಪ್ತಿ ಆಗುತ್ತಾ?

ಉತ್ತರ: ಲಾರಿ ನಿಮ್ಮ ಅಂಗಳದಿಂದ ಹೋಗಿ ಎಷ್ಟೋ ತಿಂಗಳಾಗಿದೆ. ಡ್ರೈವರ್ ಯಾರು ಅಂತಲೂ ನಿಮಗೆ ಗೊತ್ತಿಲ್ಲ. ಆದರೂ ಕೇಸಿನಲ್ಲಿ ನಿಮ್ಮ ಹೆಸರಿದೆ. ಇದು ಅನ್ಯಾಯ ಅಂತ ನಿಮಗೆ ಅನ್ನಿಸಿರಬೇಕು, ಸಹಜ. ಆದರೆ ಮೋಟಾರು ವಾಹನ ಕಾನೂನು ಮೊದಲು ನೋಡುವುದು ಕಾಗದವನ್ನು. ಲಾರಿ ಯಾರ ಹೆಸರಲ್ಲಿದೆ, ಪಾಲಿಸಿಯಲ್ಲಿ ಏನು ಬರೆದಿದೆ, ಲೈಸೆನ್ಸ್ ಯಾವ ದರ್ಜೆಯದು. ಅಪಘಾತದ ಹೊತ್ತಿಗೆ ಯಾರು ಎಲ್ಲಿದ್ದರು ಅನ್ನೋದು ಆಮೇಲಿನ ಮಾತು.

ನಿಮ್ಮ ಕೈಯಲ್ಲಿರುವ ಎರಡು ನೋಟಿಸ್‌ಗಳನ್ನು ಮೊದಲು ಬೇರೆ ಬೇರೆ ಇಟ್ಟುಕೊಳ್ಳಿ. ಪೊಲೀಸರದ್ದು ಕ್ರಿಮಿನಲ್ ಕೇಸ್. ನ್ಯಾಯಮಂಡಳಿಯದ್ದು ಪರಿಹಾರದ ಕೇಸ್. ಎರಡರ ನಿಯಮಗಳೂ ಬೇರೆ, ಸಾಕ್ಷ್ಯ ತೂಗುವ ರೀತಿಯೂ ಬೇರೆ. ಕ್ರಿಮಿನಲ್ ಕೇಸಿನಲ್ಲಿ ಡ್ರೈವರ್ ಖುಲಾಸೆಯಾದರೂ ನ್ಯಾಯಮಂಡಳಿ ಪರಿಹಾರ ಕೊಡಿಸಬಹುದು. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದ ಪುರಾವೆ ಬೇಕಾಗಿಲ್ಲ, ಯಾವ ಕಡೆ ಸಂಭವ ಜಾಸ್ತಿ ಅನ್ನೋದಷ್ಟೇ ನೋಡುತ್ತಾರೆ.

ಜೈಲಿನ ವಿಷಯ ಬೇಗ ಮುಗಿಸೋಣ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106(1) ಕಲಂ ಪ್ರಕಾರ 5 ವರ್ಷದವರೆಗೆ ಶಿಕ್ಷೆ ಇದೆ. ಆದರೆ ಅದು ನಿರ್ಲಕ್ಷ್ಯ ಮಾಡಿದ ವ್ಯಕ್ತಿಗೆ, ಅಂದರೆ ಇಲ್ಲಿ ಡ್ರೈವರ್‌ಗೆ. ಅವನ ತಪ್ಪಿಗೆ ಮಾಲೀಕನನ್ನು ಈ ಕಲಂ ಅಡಿ ಜೈಲಿಗೆ ಕಳಿಸುವುದಿಲ್ಲ. ಹತ್ತು ವರ್ಷದ ಮಾತು 106(2)ರದ್ದು. ಗುದ್ದಿ, ಯಾರಿಗೂ ತಿಳಿಸದೆ ಓಡಿಹೋದ ಚಾಲಕನ ಬಗ್ಗೆ ಇರುವ ಕಲಂ ಅದು. ಅದರ ವಿರುದ್ಧವೇ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಮಾಡಿದ್ದು. 2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಯಾದಾಗ ಕೇಂದ್ರ ಸರ್ಕಾರ ಆ ಉಪಕಲಂ ಒಂದನ್ನು ಹೊರಗಿಟ್ಟಿತು. ಹೇಗೂ ನಿಮಗೆ ಅದು ಅನ್ವಯಿಸುವುದಿಲ್ಲ.

ನಿಮಗೆ ಬಂದಿರುವ ಪೊಲೀಸ್ ನೋಟಿಸ್ ಬಹುಶಃ ಮೋಟಾರು ವಾಹನ ಕಾಯ್ದೆಯ 133ನೇ ಕಲಂನದ್ದು. ವಾಹನ ಓಡಿಸುತ್ತಿದ್ದವರು ಯಾರು, ಅವರ ವಿಳಾಸ ಮತ್ತು ಲೈಸೆನ್ಸ್ ಏನು ಅಂತ ಕೇಳಿದಾಗ ಮಾಲೀಕರು ಹೇಳಲೇಬೇಕು. ಬರವಣಿಗೆಯಲ್ಲಿ ಉತ್ತರ ಕೊಡಿ. ಕರಾರಿನ ಪ್ರತಿ ಲಗತ್ತಿಸಿ, ಖರೀದಿದಾರರ ಹೆಸರು ಕೊಡಿ, ಸ್ವೀಕೃತಿ ಪಡೆಯಿರಿ. ಸರಿಯಾದ ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟರು ಅಂತ 180ನೇ ಕಲಂ ಅಡಿ ಮಾಲೀಕರ ಮೇಲೂ ಆರೋಪ ಹೊರಿಸುವುದುಂಟು. ಅದಕ್ಕೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ ಇದೆ. ಆ ಡ್ರೈವರ್‌ಗೆ ಗಾಡಿ ಕೊಟ್ಟಿದ್ದು ನೀವಲ್ಲ ಅಂತ ತೋರಿಸಲು ಕರಾರು, ಕಂತು ಕಟ್ಟಿದ ಬ್ಯಾಂಕ್ ದಾಖಲೆ ಎರಡೂ ಬೇಕಾಗುತ್ತವೆ.

ಈಗ ನಿಜವಾದ ತಲೆನೋವಿಗೆ ಬರೋಣ. ಅಪಘಾತದ ದಿನ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಕಾಯ್ದೆಯ 2(30) ಕಲಂ ಹೇಳುವುದು ಇದನ್ನೇ. ನೋಂದಾಯಿತ ಮಾಲೀಕನಿಂದ ಹೊರಟು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿದ್ದ ವಾಹನದ ಪ್ರಕರಣವೊಂದರಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತ ಮಾಡಿತು. ಸತ್ತವರ ಮನೆಯವರು ಗಾಡಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಹುಡುಕಿಕೊಂಡು ಅಲೆಯಬಾರದು ಅನ್ನೋದು ಅದರ ಹಿಂದಿನ ತರ್ಕ. ಅವರ ಜಾಗದಲ್ಲಿ ನಿಂತು ನೋಡಿದರೆ ಅದು ಸರಿಯೇ ಅಲ್ವಾ? ಇದಕ್ಕೆ ವಿನಾಯಿತಿಗಳು ಕಡಿಮೆ. ಚುನಾವಣೆ ಕೆಲಸಕ್ಕೆ ಅಂತ ಸರ್ಕಾರವೇ ಗಾಡಿ ವಶಕ್ಕೆ ತೆಗೆದುಕೊಂಡಿದ್ದಾಗ ಹೊಣೆ ಸರ್ಕಾರದ್ದು ಅಂದ ತೀರ್ಪಿದೆ. ಸಾಲದ ಮೇಲಿನ ಗಾಡಿಯಾದರೆ ಫೈನಾನ್ಸ್ ಕಂಪನಿ ಮಾಲೀಕ ಆಗುವುದಿಲ್ಲ, ಸಾಲ ಪಡೆದು ಗಾಡಿ ಇಟ್ಟುಕೊಂಡವರೇ ಮಾಲೀಕರು. ನಿಮ್ಮ ಸಾಲದ ಒಪ್ಪಂದ ಇರುವುದು ನಿಮ್ಮ ಮತ್ತು ಕಂಪನಿಯ ನಡುವೆ. ಅಲ್ಲೂ ಖರೀದಿದಾರರ ಹೆಸರಿಲ್ಲ. ಹಾಗಾಗಿ "ಮಾರಿಬಿಟ್ಟಿದ್ದೆ" ಅನ್ನೋದೊಂದರಿಂದಲೇ ನೀವು ಕೇಸಿನಿಂದ ಹೊರಬರುವುದು ಕಷ್ಟ.

ನನ್ನ ಕಚೇರಿಗೆ ಬರುವ ಇಂಥ ಫೈಲುಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಂಗತಿ ಇದೆ. ಫಾರಂ 30 ಮಾಲೀಕತ್ವ ಬದಲಿಸುವ ಅರ್ಜಿ. ಅದಕ್ಕೆ ಇಬ್ಬರೂ ಬೇಕು, ಫೈನಾನ್ಸ್ ಕಂಪನಿಯ ಒಪ್ಪಿಗೆಯೂ ಬೇಕು. ಫಾರಂ 29 ಹಾಗಲ್ಲ. ಅದು "ನಾನು ಗಾಡಿ ಮಾರಿದ್ದೇನೆ" ಅಂತ ಮಾರಿದವರು ಆರ್‌ಟಿಒಗೆ ಕೊಡುವ ತಿಳುವಳಿಕೆ ಪತ್ರ. ರಾಜ್ಯದೊಳಗೇ ಮಾರಿದರೆ 14 ದಿನದಲ್ಲಿ ಕೊಡಬೇಕು ಅಂತ 50ನೇ ಕಲಂ ಹೇಳುತ್ತದೆ. ಹೆಚ್ಚಿನವರು ಎರಡೂ ಫಾರಂಗಳಿಗೆ ಸಹಿ ಹಾಕಿ, ತಾರೀಕಿನ ಜಾಗ ಖಾಲಿ ಬಿಟ್ಟು, ಖರೀದಿದಾರರ ಕೈಗೆ ಕೊಟ್ಟು ಬರುತ್ತಾರೆ. ಅವು ಲಾರಿ ಕ್ಯಾಬಿನ್ನಿನ ಡಬ್ಬದಲ್ಲಿ ಕೂತಿರುತ್ತವೆ. ಫಾರಂ 29 ಒಂದನ್ನೇ ಸಲ್ಲಿಸಿದರೆ ಆರ್‌ಸಿಯಲ್ಲಿ ಹೆಸರು ಬದಲಾಗುವುದಿಲ್ಲ, ನಿಜ. ಆದರೆ ಮಾರಾಟ ಯಾವಾಗ ಆಯಿತು ಅನ್ನೋದಕ್ಕೆ ಸರ್ಕಾರಿ ಕಚೇರಿಯಲ್ಲೇ ದಾಖಲೆ ಹುಟ್ಟುತ್ತದೆ. ನಿಮ್ಮ ಕೈಯಲ್ಲಿ ಈಗ ಇಲ್ಲದಿರುವುದು ಅದೇ.

"ಹಿಂದಿನಿಂದ ಗುದ್ದಿದವನದ್ದೇ ತಪ್ಪು" ಅನ್ನೋದು ರಸ್ತೆಬದಿಯ ನ್ಯಾಯ, ಕೋರ್ಟಿನದ್ದಲ್ಲ. "ದೊಡ್ಡ ಗಾಡಿಯದ್ದೇ ತಪ್ಪು" ಅನ್ನೋದೂ ಅಷ್ಟೇ. ರಾತ್ರಿ ಹೆದ್ದಾರಿಯಲ್ಲಿ ನಿಂತ ಲಾರಿಯ ವಿಷಯದಲ್ಲಿ ಕೇಳುವ ಪ್ರಶ್ನೆಗಳು ಬೇರೆ. ಲಾರಿ ಡಾಂಬರಿನ ಮೇಲಿತ್ತೋ, ಪಕ್ಕದ ಮಣ್ಣಿಗೆ ಇಳಿದಿತ್ತೋ? ಪಾರ್ಕಿಂಗ್ ಲೈಟ್ ಉರಿಯುತ್ತಿತ್ತಾ? ಹಿಂದೆ ಪ್ರತಿಫಲನ ಪಟ್ಟಿ ಇತ್ತಾ, ಅಥವಾ ಮಣ್ಣು ಮೆತ್ತಿ ಕಾಣದಂತಾಗಿತ್ತಾ? ಎಚ್ಚರಿಕೆಯ ತ್ರಿಕೋನ ಫಲಕ ಇಟ್ಟಿದ್ದರಾ? ಅಪಾಯ ಆಗುವಂತೆ ಗಾಡಿ ನಿಲ್ಲಿಸಬಾರದು ಅಂತ 122ನೇ ಕಲಂ ಇದೆ. 2024ರಲ್ಲಿ ಸುಪ್ರೀಂ ಕೋರ್ಟಿಗೆ ಇಂಥದ್ದೇ ಕೇಸ್ ಬಂದಿತ್ತು. ಹೆದ್ದಾರಿ ನಡುವೆ ಯಾವ ಎಚ್ಚರಿಕೆಯೂ ಇಲ್ಲದೆ ನಿಲ್ಲಿಸಿದ್ದ ಟ್ರಕ್‌ಗೆ ಕಾರು ಹಿಂದಿನಿಂದ ಗುದ್ದಿತ್ತು. ಕಾರಿನವರ ಮೇಲೂ ಹೊರಿಸಿದ್ದ ಪಾಲನ್ನು ಕೋರ್ಟ್ ತೆಗೆದುಹಾಕಿ ಪೂರ್ತಿ ಹೊಣೆ ಟ್ರಕ್ ಮೇಲೆ ಹಾಕಿತು.

ಹಾಗಂತ ಬೈಕಿನವರ ಪಾಲು ಯಾವಾಗಲೂ ಸೊನ್ನೆ ಅಂತಲ್ಲ. ಬೈಕಿನ ಹೆಡ್‌ಲೈಟ್ ಇರಲಿಲ್ಲ, ಕುಡಿದಿದ್ದರು, ತೀರಾ ವೇಗದಲ್ಲಿದ್ದರು ಅಂತ ಸಾಕ್ಷ್ಯ ಇದ್ದರೆ ಶೇಕಡಾ ಇಷ್ಟು ಅಂತ ಅವರ ತಲೆಗೂ ಹಾಕಿ ಪರಿಹಾರದಲ್ಲಿ ಅಷ್ಟು ಕಡಿತ ಮಾಡುತ್ತಾರೆ. ಬಾಯಿಮಾತಿಗೆ ಬೆಲೆ ಇಲ್ಲ. ಸ್ಥಳ ಮಹಜರು, ಪೊಲೀಸರ ಕೈನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಮರಣೋತ್ತರ ಪರೀಕ್ಷೆಯ ವರದಿ, ಈ ನಾಲ್ಕರ ದೃಢೀಕೃತ ಪ್ರತಿ ತೆಗೆಸಿ. ನಕ್ಷೆಯಲ್ಲಿ ಮೊದಲು ನೋಡಬೇಕಾದ್ದು ಲಾರಿಯ ಬಲಗಡೆ ಹಿಂಚಕ್ರದಿಂದ ರಸ್ತೆಯ ಅಂಚಿಗೆ ಎಷ್ಟು ಅಡಿ ಅಂತ ಬರೆದಿದ್ದಾರೆ ಅನ್ನೋದನ್ನು. ಎಷ್ಟೋ ಕೇಸುಗಳು ಆ ಒಂದು ಅಂಕಿಯ ಮೇಲೆ ತಿರುಗಿದ್ದನ್ನು ನೋಡಿದ್ದೇನೆ. ನಿರೀಕ್ಷಕರ ವರದಿಯಲ್ಲಿ ಹಿಂಬದಿ ದೀಪದ ಬಗ್ಗೆ ಏನು ಬರೆದಿದ್ದಾರೆ ಅನ್ನೋದೂ ಅಷ್ಟೇ ಮುಖ್ಯ. ಗುದ್ದಿದ ರಭಸಕ್ಕೆ ಒಡೆದದ್ದೋ, ಮೊದಲೇ ಕೆಟ್ಟಿದ್ದೋ ಅನ್ನೋದು ಅಲ್ಲಿಂದಲೇ ತೀರ್ಮಾನ ಆಗುತ್ತದೆ.

50 ಲಕ್ಷ ನೋಡಿ ಗಾಬರಿಯಾಗಬೇಡಿ. ಅದು ಅವರು ಕೇಳಿರುವ ಮೊತ್ತ. ಕೊಡುವ ಮೊತ್ತಕ್ಕೆ ಲೆಕ್ಕ ಇದೆ. ಸರಳಾ ವರ್ಮಾ (2009) ಮತ್ತು ಪ್ರಣಯ್ ಸೇಥಿ (2017) ಅನ್ನುವ ಎರಡು ತೀರ್ಪುಗಳು ಅದನ್ನು ಹೆಚ್ಚುಕಡಿಮೆ ಸೂತ್ರವನ್ನೇ ಮಾಡಿಬಿಟ್ಟಿವೆ. ಸತ್ತವರು ಸ್ವಂತ ಉದ್ಯೋಗ ಮಾಡುತ್ತಾ ತಿಂಗಳಿಗೆ 20,000 ದುಡಿಯುತ್ತಿದ್ದರು, ಹೆಂಡತಿ, ಒಂದು ಮಗು, ತಾಯಿ ಅವಲಂಬಿತರು ಅಂತ ಇಟ್ಟುಕೊಳ್ಳಿ. 40 ವರ್ಷದೊಳಗಿನವರಾದ್ದರಿಂದ ಮುಂದಿನ ದುಡಿಮೆ ಅಂತ ಶೇಕಡಾ 40 ಸೇರಿಸಿದರೆ 28,000. ವರ್ಷಕ್ಕೆ 3,36,000. ಅವರ ಸ್ವಂತ ಖರ್ಚು ಅಂತ ಮೂರನೇ ಒಂದು ಭಾಗ ಕಳೆದರೆ 2,24,000. 31ರಿಂದ 35 ವಯಸ್ಸಿಗೆ ಗುಣಕ 16, ಅಂದರೆ ಈ ಮೊತ್ತವನ್ನು 16ರಿಂದ ಗುಣಿಸಬೇಕು. ಅಲ್ಲಿಗೆ 35,84,000 ಆಯಿತು. ಮೂವರಿಗೂ ಸಾಂಗತ್ಯ ನಷ್ಟಕ್ಕೆ (ಸತ್ತವರ ಒಡನಾಟ ಕಳೆದುಕೊಂಡದ್ದಕ್ಕೆ) ತಲಾ 48,400, ಆಸ್ತಿ ನಷ್ಟ ಮತ್ತು ಅಂತ್ಯಕ್ರಿಯೆಗೆ ತಲಾ 18,150 ಸೇರಿದರೆ ಒಟ್ಟು 37,65,500. ಈ ಸಣ್ಣ ಬಾಬ್ತುಗಳು 2017ರಿಂದ ಮೂರು ವರ್ಷಕ್ಕೊಮ್ಮೆ ಶೇಕಡಾ 10 ಏರುತ್ತವೆ. ಅರ್ಜಿ ಹಾಕಿದ ದಿನದಿಂದ ಬಡ್ಡಿ ಬೇರೆ. ಸವಾರನ ಪಾಲು ಶೇಕಡಾ 20 ಅಂತ ಸಾಬೀತಾದರೆ ಇದೇ ಮೊತ್ತ 30,12,400ಕ್ಕೆ ಇಳಿಯುತ್ತದೆ. ಆದಾಯಕ್ಕೆ ದಾಖಲೆ ಇಲ್ಲದಿದ್ದರೆ ನ್ಯಾಯಮಂಡಳಿಯೇ ಒಂದು ಅಂದಾಜು ಹಿಡಿಯುತ್ತದೆ. ಇನ್ನೊಂದು ಮಾತು. ಕೇಳಿದ್ದಕ್ಕಿಂತ ಜಾಸ್ತಿ ಕೊಡಲೂ ನ್ಯಾಯಮಂಡಳಿಗೆ ಅಧಿಕಾರ ಇದೆ, ಹಾಗಾಗಿ 50 ಲಕ್ಷ ಅನ್ನೋದು ಮೇಲ್ಮಿತಿ ಅಂತಲೂ ಅಂದುಕೊಳ್ಳಬೇಡಿ.

ಈ ಹಣ ಯಾರು ಕೊಡಬೇಕು ಅನ್ನೋದು ಮುಂದಿನ ಪ್ರಶ್ನೆ. ಪಾಲಿಸಿ ಚಾಲ್ತಿಯಲ್ಲಿದೆ ಅಂದಿರಿ. ಇದು ನಿಮ್ಮ ಪುಣ್ಯ. ಗಾಡಿ ಕೈ ಬದಲಾದಾಗ ಮೂರನೆಯವರಿಗೆ, ಅಂದರೆ ಅಪಘಾತಕ್ಕೆ ಸಿಕ್ಕ ಹೊರಗಿನವರಿಗೆ, ಸಂಬಂಧಿಸಿದಷ್ಟರ ಮಟ್ಟಿಗೆ ಪಾಲಿಸಿಯೂ ಅದರ ಜೊತೆಗೇ ಹೋಯಿತು ಅಂತ 157ನೇ ಕಲಂ ಭಾವಿಸುತ್ತದೆ. ಆರ್‌ಸಿ ಒಬ್ಬರ ಹೆಸರಲ್ಲಿ, ಗಾಡಿ ಇನ್ನೊಬ್ಬರ ಕೈಯಲ್ಲಿ ಅನ್ನೋ ಕಾರಣಕ್ಕೆ ವಿಮಾ ಕಂಪನಿ ಸತ್ತವರ ಮನೆಯವರಿಗೆ ಹಣ ಕೊಡಲ್ಲ ಅನ್ನುವಂತಿಲ್ಲ.

ಕಂಪನಿ ಹಿಡಿಯುವುದು ಲೈಸೆನ್ಸ್ ಎಳೆಯನ್ನು. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕೆಜಿವರೆಗಿನ ಸರಕು ಗಾಡಿ ಓಡಿಸಬಹುದು ಅಂತ 2017ರಲ್ಲಿ ಬಂದ ತೀರ್ಪನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಎತ್ತಿಹಿಡಿದಿದೆ. ಅದನ್ನು ಓದಿ ಯಾರಾದರೂ "ಕಾರಿನ ಲೈಸೆನ್ಸ್ ಸಾಕು" ಅಂದರೆ ನಂಬಬೇಡಿ. ಹತ್ತು ಚಕ್ರದ ಲಾರಿಯ ಒಟ್ಟು ತೂಕ ಸುಮಾರು 28 ಟನ್. ಆ ತೀರ್ಪು ನಿಮ್ಮ ನೆರವಿಗೆ ಬರುವುದಿಲ್ಲ. ಇಂಥಲ್ಲಿ ಸಾಮಾನ್ಯವಾಗಿ ಬರುವ ಆದೇಶ "ಮೊದಲು ಕೊಡಿ, ಆಮೇಲೆ ವಸೂಲಿ ಮಾಡಿಕೊಳ್ಳಿ" ಅಂತ. ಕಂಪನಿ ಸಂತ್ರಸ್ತರಿಗೆ ಪೂರ್ತಿ ಹಣ ಕೊಟ್ಟು, ಅದನ್ನು ಮಾಲೀಕರಿಂದ ವಾಪಸ್ ಪಡೆಯುತ್ತದೆ. ಅದಕ್ಕೆ ಬೇರೆ ದಾವೆ ಹಾಕಬೇಕಾಗಿಲ್ಲ, ಅದೇ ಕೇಸಿನಲ್ಲಿ ವಸೂಲಿ ಅರ್ಜಿ ಸಾಕು. 174ನೇ ಕಲಂ ಪ್ರಕಾರ ಭೂ ಕಂದಾಯದ ಬಾಕಿಯಂತೆ ವಸೂಲಿ ಮಾಡುವ ದಾರಿಯೂ ಇದೆ. ನಿಮ್ಮ ಮನೆಯ ಪ್ರಶ್ನೆ ಬರುವುದು ಇಲ್ಲಿ. ಹೌದು, ಕೈಕಟ್ಟಿ ಕೂತರೆ ಆಸ್ತಿ ಜಪ್ತಿಯವರೆಗೂ ಹೋಗಬಹುದು.

ಆದರೆ ಈ ಜಾಗದಲ್ಲೇ ನಿಮಗೆ ಎರಡು ಒಳ್ಳೆಯ ವಾದಗಳಿವೆ. 2004ರ ಸ್ವರಣ್ ಸಿಂಗ್ ತೀರ್ಪು ಹೇಳುವಂತೆ ಲೈಸೆನ್ಸ್ ಸರಿಯಿಲ್ಲ ಅಂತ ತೋರಿಸಿದರಷ್ಟೇ ಸಾಲದು. ಮಾಲೀಕರು ಬೇಕಂತಲೇ ಅಥವಾ ಅಜಾಗರೂಕತೆಯಿಂದ ಷರತ್ತು ಮುರಿದರು, ಆ ಕೊರತೆಯೇ ಅಪಘಾತಕ್ಕೆ ಕಾರಣವಾಯಿತು ಅಂತ ಕಂಪನಿ ಸಾಬೀತು ಮಾಡಬೇಕು. ಇಲ್ಲಿ ಲಾರಿ ಓಡುತ್ತಲೇ ಇರಲಿಲ್ಲ. ಪಂಕ್ಚರ್ ಆಗಿ ನಿಂತಿತ್ತು. ಹೆವಿ ಲೈಸೆನ್ಸ್ ಇದ್ದವನ ಲಾರಿಯೂ ಪಂಕ್ಚರ್ ಆಗುತ್ತದೆ. ಕಂಪನಿಯವರು "ಎಲ್ಲಿ, ಹೇಗೆ ನಿಲ್ಲಿಸಬೇಕು ಅನ್ನೋದೂ ಚಾಲನಾ ಜ್ಞಾನವೇ" ಅಂತ ತಿರುಗಿಸುತ್ತಾರೆ, ಅದಕ್ಕೆ ಸಿದ್ಧರಿರಿ. ಎರಡನೆಯದು, 157ನೇ ಕಲಂ ಪ್ರಕಾರ ಪಾಲಿಸಿ ಖರೀದಿದಾರರಿಗೆ ಹೋಗಿದೆ ಅಂತಾದರೆ, ಡ್ರೈವರ್‌ನನ್ನು ನೇಮಿಸಿದವರೂ ಅವರೇ ಆದರೆ, ವಸೂಲಿಯೂ ಅವರಿಂದಲೇ ಆಗಬೇಕು ಅನ್ನೋದು. ನ್ಯಾಯಮಂಡಳಿ ಒಪ್ಪುತ್ತದೆ ಅಂತ ಭರವಸೆ ಕೊಡಲಾರೆ. ಆದರೆ ಖರೀದಿದಾರರು ಕೇಸಿನಲ್ಲಿ ಇಲ್ಲದಿದ್ದರೆ ಆ ವಾದ ಹೂಡಲಿಕ್ಕೇ ಆಗುವುದಿಲ್ಲ.

ಹಾಗಾಗಿ ಮೊದಲ ಕೆಲಸ, ನೋಟಿಸಿನಲ್ಲಿ ಹೇಳಿದ ದಿನ ವಕೀಲರ ಮೂಲಕ ಹಾಜರಾಗುವುದು. ಸುಮ್ನೆ ಬಿಟ್ಟರೆ ಏಕಪಕ್ಷೀಯ ಆದೇಶ ಆಗುತ್ತದೆ, ಆಮೇಲೆ ಅದನ್ನು ತೆಗೆಸಲು ಓಡಾಡಬೇಕು. ತಕರಾರು ಸಲ್ಲಿಸುವಾಗಲೇ ಖರೀದಿದಾರರನ್ನು ಪಕ್ಷಕಾರರಾಗಿ ಸೇರಿಸಲು ಅರ್ಜಿ ಹಾಕಿ. ಪಾಲಿಸಿಯ ಪ್ರತಿ ಕೊಟ್ಟು ವಿಮಾ ಕಂಪನಿಗೂ ಅಪಘಾತದ ವಿಷಯ ಲಿಖಿತವಾಗಿ ತಿಳಿಸಿ. ಕರಾರಿನ ತಾರೀಕಿನಿಂದ ಅಪಘಾತದವರೆಗೆ ಕಂತು ಯಾರ ಖಾತೆಯಿಂದ ಹೋಗಿದೆ ಅನ್ನೋ ಬ್ಯಾಂಕ್ ವಿವರ, ಫಾಸ್ಟ್ಯಾಗ್ ಯಾರ ಮೊಬೈಲಿಗೆ ಜೋಡಿಸಿದೆ ಅನ್ನೋದು, ಡ್ರೈವರ್‌ಗೆ ಸಂಬಳ ಕೊಟ್ಟ ದಾಖಲೆ, ಸಿಕ್ಕಷ್ಟು ಒಟ್ಟು ಮಾಡಿ.

ಈ ಹಂತದಲ್ಲಿ ಯಾರಾದರೂ ಒಂದು ಉಪಾಯ ಹೇಳಿಯೇ ಹೇಳುತ್ತಾರೆ. "ಹೆವಿ ಲೈಸೆನ್ಸ್ ಇರೋ ಹುಡುಗನ್ನ ಡ್ರೈವರ್ ಅಂತ ತೋರಿಸೋಣ." ಅಥವಾ "ಹಳೇ ತಾರೀಕಿಗೆ ಇನ್ನೊಂದು ಕರಾರು ಮಾಡೋಣ." ದಯವಿಟ್ಟು ಬೇಡ. ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಮೊದಲ ದೂರು, ಫೋನ್ ಕರೆಗಳ ವಿವರ, ಟೋಲ್ ಗೇಟಿನ ಕ್ಯಾಮೆರಾ, ಎಲ್ಲೋ ಒಂದು ಕಡೆ ಅಸಲಿ ಡ್ರೈವರ್ ಇದ್ದೇ ಇರುತ್ತಾನೆ. ವಿಮಾ ಕಂಪನಿಯ ತನಿಖೆದಾರರ ಹೊಟ್ಟೆಪಾಡೇ ಅದನ್ನು ಹುಡುಕುವುದು. ಇ-ಸ್ಟ್ಯಾಂಪ್ ಮೇಲೆ ಸಮಯವೂ ಮುದ್ರಣವಾಗಿರುತ್ತದೆ. ಸಿಕ್ಕಿಬಿದ್ದರೆ ಈಗ ಬರೀ ಹಣದ ಕೇಸಾಗಿ ಇರುವುದು ನಿಮ್ಮ ಮೇಲಿನ ಕ್ರಿಮಿನಲ್ ಕೇಸಾಗುತ್ತದೆ.

ರಾಜಿ ಮಾಡಿಕೊಳ್ಳಬಹುದಾ? ಖಂಡಿತ. ವಿಮಾ ಕಂಪನಿಗಳು ಲೋಕ ಅದಾಲತ್‌ನಲ್ಲಿ ಸಾಕಷ್ಟು ಕೇಸ್ ಮುಗಿಸುತ್ತವೆ. ಆ ಮನೆಯವರಿಗೆ ಹಣ ಬೇಗ ಸಿಗುತ್ತದೆ, ಅದೂ ಸಣ್ಣ ವಿಷಯವಲ್ಲ. ಆದರೆ ರಾಜಿ ಪತ್ರದಲ್ಲಿ "ಮಾಲೀಕರಿಂದ ವಸೂಲಿ ಮಾಡುವ ಹಕ್ಕು ಕಾಯ್ದಿರಿಸಿದೆ" ಅನ್ನುವ ಸಾಲು ಇದೆಯಾ ಅಂತ ನೋಡದೆ ಸಹಿ ಹಾಕಬೇಡಿ. ಅದಾಲತ್‌ನ ಆದೇಶದ ಮೇಲೆ ಮೇಲ್ಮನವಿ ಇಲ್ಲ. ಮಾಮೂಲಿ ತೀರ್ಪು ನಿಮ್ಮ ವಿರುದ್ಧ ಬಂದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಆಗ 25,000 ರೂಪಾಯಿ ಅಥವಾ ತೀರ್ಪಿನ ಅರ್ಧ ಮೊತ್ತ, ಯಾವುದು ಕಡಿಮೆಯೋ ಅದನ್ನು ಠೇವಣಿ ಇಡಬೇಕು. ಕೊನೆಗೆ ಹಣ ನಿಮ್ಮ ಜೇಬಿನಿಂದಲೇ ಹೋದರೆ, ಕರಾರಿನ ಆಧಾರದ ಮೇಲೆ ಖರೀದಿದಾರರ ವಿರುದ್ಧ ಸಿವಿಲ್ ದಾವೆ ಹಾಕುವ ಹಕ್ಕು ಇದೆ. "ಇಂದಿನಿಂದ ಆಗುವ ಅಪಘಾತ, ದಂಡ, ಕೇಸುಗಳಿಗೆ ಖರೀದಿದಾರರೇ ಹೊಣೆ" ಅನ್ನುವ ಷರತ್ತು ಸಾಮಾನ್ಯವಾಗಿ ಇಂಥ ಕರಾರುಗಳಲ್ಲಿ ಇರುತ್ತದೆ. ಅದು ಸತ್ತವರ ಮನೆಯವರನ್ನು ಕಟ್ಟಿಹಾಕುವುದಿಲ್ಲ, ಖರೀದಿದಾರರನ್ನು ಕಟ್ಟಿಹಾಕುತ್ತದೆ. ಅವರ ಹತ್ತಿರ ವಸೂಲಿಯಾಗುವಷ್ಟು ಆಸ್ತಿ ಇದೆಯಾ ಅನ್ನೋದು ಬೇರೆ ಮಾತು.

ಇನ್ನು ಕ್ಲೀನರ್. ನೀವು ಅವನ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಅವನದ್ದು ಬೇರೆಯೇ ಹಕ್ಕು. ಕೆಲಸದಲ್ಲಿದ್ದಾಗ ಆದ ಗಾಯಕ್ಕೆ ನೌಕರರ ಪರಿಹಾರ ಕಾನೂನಿನ ಅಡಿ (ಮೊದಲು 1923ರ ಕಾಯ್ದೆ, 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆ) ಉದ್ಯೋಗದಾತರಿಂದ ಪರಿಹಾರ ಕೇಳಬಹುದು, ಅಲ್ಲಿ ಯಾರ ತಪ್ಪು ಅಂತ ಸಾಬೀತು ಮಾಡಬೇಕಾಗಿಲ್ಲ. 1923ರ ಕಾಯ್ದೆಯಲ್ಲಿ ಸಂಬಳ ಎಷ್ಟೇ ಇದ್ದರೂ ತಿಂಗಳಿಗೆ 15,000ವರೆಗೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಅರ್ಜಿಗೆ 2 ವರ್ಷ ಕಾಲಾವಕಾಶ. ಅದು ಬೇಡ ಅಂದರೆ ಮೋಟಾರು ವಾಹನ ಕಾಯ್ದೆ ಅಡಿ ಹೋಗಬಹುದು. ಎರಡೂ ಕಡೆ ಪಡೆಯುವಂತಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಅವನಿಗೆ ಕೆಲಸ ಕೊಟ್ಟವರು ಖರೀದಿದಾರರು, ಆದರೂ ಅಲ್ಲೂ ಪಾಲಿಸಿ ನಿಮ್ಮ ಹೆಸರಿನದ್ದೇ. ಪಾಲಿಸಿಯ ಪ್ರೀಮಿಯಂ ಪಟ್ಟಿಯಲ್ಲಿ ಡ್ರೈವರ್, ಕ್ಲೀನರ್ ಸೇರಿ ಎಷ್ಟು ಜನ ನೌಕರರಿಗೆ ಹಣ ಕಟ್ಟಿದೆ ಅನ್ನುವ ಸಾಲು ಇರುತ್ತದೆ. ವಕೀಲರ ಹತ್ತಿರ ಹೋಗುವಾಗ ಪಾಲಿಸಿಯ ಎಲ್ಲ ಪುಟಗಳನ್ನೂ ತೆಗೆದುಕೊಂಡು ಹೋಗಿ, ಮೊದಲ ಪುಟದ ಜೆರಾಕ್ಸ್ ಒಂದೇ ಸಾಲದು.